ಸಕ್ಕರೆ ಬದಲು ಬೆಲ್ಲ ಹಾಕಿದ್ರೆ ಪಾಯಸ ಯಾಕೆ ಒಡೆಯುತ್ತೆ, ಪಾಕ ಯಾಕೆ ಕೈ ಕೊಡುತ್ತೆ?

ಪ್ರಶ್ನೆ: ನಾವಿರೋದು ಹಾಸನದಲ್ಲಿ. ಅತ್ತೆಯವರಿಗೆ ಶುಗರ್ ಬಂದ್ಮೇಲೆ ಮನೆಗೆ ಬಿಳಿ ಸಕ್ಕರೆ ತರೋದು ನಿಲ್ಲಿಸಿ ಎಲ್ಲದಕ್ಕೂ ಬೆಲ್ಲ ಅಥವಾ ಬ್ರೌನ್ ಶುಗರ್ ಹಾಕ್ತಿದ್ದೀನಿ. ಶಾವಿಗೆ ಪಾಯಸದ ಹಾಲು ಒಡೆದುಹೋಯ್ತು. ಮೈಸೂರ್ ಪಾಕ್ ಸಕ್ಕರೇಲಿ ಮಾಡ್ತಿದ್ದಾಗ ಕಲ್ಲಾಗ್ತಿತ್ತು, ಈಗ ಬೆಲ್ಲದಲ್ಲಿ ಮಾಡಿದ್ರೆ ಹಲ್ಲಿಗೆ ಅಂಟುತ್ತೆ. ಕೇಸರಿಬಾತ್‌ನಲ್ಲಿ ರವೆ ಬೇಯಲ್ಲ, ಕೇಕ್ ಉಬ್ಬಲ್ಲ. ಎಳೆ ಪಾಕ ಗೊತ್ತಾಗಲ್ಲ ಅಂತ ಥರ್ಮಾಮೀಟರ್ ತಂದೆ, ಅದನ್ನ ನೋಡಿ ಮಾಡಿದ್ರೂ ಪಾಕ ಗಟ್ಟಿ. ಯಾವುದಕ್ಕೆ ಯಾವ ಸಕ್ಕರೆ ಹಾಕ್ಬೇಕು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನೀವು ಕೇಳಿರೋದ್ರಲ್ಲಿ ಹೆಚ್ಚಿನ ತೊಂದರೆಗೆ ಬೇರು ಒಂದೇ. ಸಕ್ಕರೆ ಅಂದ್ರೆ ಸಿಹಿ, ಬೆಲ್ಲ ಅಂದ್ರೂ ಸಿಹಿ, ಒಂದರ ಜಾಗಕ್ಕೆ ಇನ್ನೊಂದು ಹಾಕಿದ್ರಾಯ್ತು ಅಂತ ಲೆಕ್ಕ ಹಾಕಿದ್ದೀರಿ. ಅಡುಗೇಲಿ ಸಕ್ಕರೆ ಮಾಡೋ ಕೆಲಸದಲ್ಲಿ ಸಿಹಿ ಒಂದು ಭಾಗ ಮಾತ್ರ, ಅದು ನೀರನ್ನ ಹಿಡ್ಕೊಳ್ಳುತ್ತೆ, ಹರಳುಗಟ್ಟಿ ಆಕಾರ ಕೊಡುತ್ತೆ, ಬೆಣ್ಣೆಯೊಳಗೆ ಗಾಳಿ ತುಂಬುತ್ತೆ, ಹಿಟ್ಟು ಬೇಳೆ ಬೇಯೋದನ್ನ ತಡೆಯುತ್ತೆ ಕೂಡ. ನೀವು ಮಾಡ್ತಿರೋ ತಿಂಡೀಲಿ ಅದು ಇವುಗಳಲ್ಲಿ ಯಾವ ಕೆಲಸ ಮಾಡ್ತಿದೆ ಅಂತ ನೋಡ್ಕೊಂಡ್ರೆ ಬದಲಾಯಿಸಬಹುದಾ ಬೇಡ್ವಾ ಅನ್ನೋದು ತಾನಾಗೇ ಗೊತ್ತಾಗುತ್ತೆ.

ಪಾಯಸದಿಂದ ಶುರು ಮಾಡೋಣ, ಅದು ಸುಲಭ. ಸಕ್ಕರೇಲಿ ಹುಳಿ ಇಲ್ಲ, ಬೆಲ್ಲದಲ್ಲಿ ಇದೆ. ನಾಲಿಗೆಗೆ ಗೊತ್ತಾಗಲ್ಲ ಆದ್ರೆ ಹಾಲಿಗೆ ಗೊತ್ತಾಗುತ್ತೆ. ತಣ್ಣಗಿರೋ ಹಾಲು ಒಡೀಬೇಕಾದ್ರೆ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 4.6ರ ಹತ್ತಿರ ಇಳೀಬೇಕು, ಕುದೀತಿರೋ ಹಾಲಿಗೆ ಅಷ್ಟೆಲ್ಲ ಬೇಕಾಗಿಲ್ಲ, ಸ್ವಲ್ಪ ಹುಳಿ ಸಾಕು. ಬೆಲ್ಲ ಹಳೇದಾದಷ್ಟೂ, ಮಳೆಗಾಲದಲ್ಲಿ ನೀರು ಬಿಟ್ಕೊಂಡು ಹುದುಗು ವಾಸನೆ ಬಂದಿದ್ರಂತೂ ಇನ್ನೂ ಹುಳಿ. ಅದಕ್ಕೇ ಹಳೇ ಮನೆಗಳಲ್ಲಿ ಬೆಲ್ಲದ ಪಾಯಸ ಅಂದ್ರೆ ತೆಂಗಿನಕಾಯಿ ಹಾಲು, ಹಸುವಿನ ಹಾಲು ಅಂದ್ರೆ ಸಕ್ಕರೆ ಅಂತ ಜೋಡಿ ಮಾಡ್ಕೊಂಡಿರೋದು. ನಿಮಗೆ ಹಸುವಿನ ಹಾಲೇ ಬೇಕು ಬೆಲ್ಲವೂ ಬೇಕು ಅಂದ್ರೆ ಶಾವಿಗೇನ ಹಾಲಲ್ಲಿ ಬೇಯಿಸಿ ಒಲೆ ಆರಿಸಿ, ಬೆಲ್ಲಾನ ಬೇರೆ ಪಾತ್ರೇಲಿ ಸ್ವಲ್ಪ ನೀರಲ್ಲಿ ಕರಗಿಸಿ ಸೋಸಿಟ್ಕೊಳ್ಳಿ, ಎರಡೂ ಉಗುರು ಬೆಚ್ಚಗಾದ್ಮೇಲೆ ಸೇರಿಸಿ, ಆಮೇಲೆ ಮತ್ತೆ ಒಲೆ ಮೇಲೆ ಇಡೋಕೆ ಹೋಗ್ಬೇಡಿ. ಹೊಸ ಬೆಲ್ಲ ತಂದಾಗ ಒಂದು ಸಣ್ಣ ಬಟ್ಟಲಿಗೆ ಎರಡು ಚಮಚ ಬಿಸಿ ಹಾಲು ಹಾಕಿ ಕಡ್ಲೆಗಾತ್ರದ ಚೂರು ಬೆಲ್ಲ ಕದಡಿ ನೋಡಿ. ಅಂಚಲ್ಲಿ ಸಣ್ಣ ಸಣ್ಣ ಕಣ ಕಾಣಿಸಿದ್ರೆ ಆ ಬೆಲ್ಲ ಹಾಲಿಗಲ್ಲ, ಸಾರಿಗೋ ಗೊಜ್ಜಿಗೋ ಇಟ್ಕೊಳ್ಳಿ. ಚಿಟಿಕೆ ಸೋಡಾ ಹಾಕಿದ್ರೆ ಒಡೆಯಲ್ಲ ಅಂತ ಹೇಳೋರಿದ್ದಾರೆ, ನಿಜ, ಹುಳಿ ಮುರಿಯುತ್ತೆ, ಆದ್ರೆ ಒಂಚೂರು ಜಾಸ್ತಿಯಾದ್ರೂ ಪಾಯಸ ಸೋಪಿನ ರುಚಿ ಬರುತ್ತೆ, ನನಗಂತೂ ಇಷ್ಟ ಇಲ್ಲ.

ಈಗ ಬೆಲ್ಲದೊಳಗೆ ಏನಿದೆ ಅಂತ ಸ್ವಲ್ಪ ತಿಳ್ಕೊಳ್ಳಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಬಿಳಿ ಸಕ್ಕರೆ ಹೆಚ್ಚುಕಮ್ಮಿ ಪೂರ್ತಿ ಸುಕ್ರೋಸ್, ಅಂದ್ರೆ ಗ್ಲೂಕೋಸು ಫ್ರಕ್ಟೋಸು ಜೋಡಿಯಾಗಿ ಅಂಟ್ಕೊಂಡಿರೋ ಸಕ್ಕರೆ. ಕಾರ್ಖಾನೇಲಿ ಕಬ್ಬಿನ ಹಾಲನ್ನ ಶುದ್ಧ ಮಾಡಿ, ಕಾಯಿಸಿ, ಹರಳು ಬರಿಸಿ, ಮಷೀನಲ್ಲಿ ಗರಗರ ತಿರುಗಿಸಿ ಕಾಕಂಬಿ (ಹರಳಾಗದೆ ಉಳಿಯೋ ಕಪ್ಪು ಪಾಕ) ಬೇರೆ ಹರಳು ಬೇರೆ ಮಾಡ್ತಾರೆ. ಆಲೆಮನೇಲಿ ಹಾಗಲ್ಲ, ಕೊಪ್ಪರಿಗೆಗೆ ಬಿದ್ದ ಹಾಲಲ್ಲಿ ಕೊಳೆ ತೆಗೆದು (ಸುಣ್ಣ ಹಾಕ್ತಾರೆ, ಬೆಂಡೆಗಿಡದ ಲೋಳೆ ಹಾಕೋರೂ ಇದ್ದಾರೆ) ನೀರು ಇಂಗೋವರೆಗೆ ಕಾಯಿಸಿ ಏನುಂಟೋ ಎಲ್ಲಾನೂ ಅಚ್ಚಿಗೆ ಸುರೀತಾರೆ. ಹಾಗಾಗಿ ಬೆಲ್ಲದಲ್ಲಿ ಸುಕ್ರೋಸ್ ಜೊತೆ ಒಡೆದುಹೋಗಿರೋ ಸಕ್ಕರೆ, ಅಂದ್ರೆ ಗ್ಲೂಕೋಸು ಫ್ರಕ್ಟೋಸು ಬಿಡಿಬಿಡಿಯಾಗಿ ಇರುತ್ತೆ, ನೀರಿನ ಅಂಶ ಇರುತ್ತೆ, ಲವಣ ಇರುತ್ತೆ, ಒಂದಿಷ್ಟು ಮಣ್ಣು ನಾರೂ ಇರುತ್ತೆ. ಕೊಪ್ಪರಿಗೆ ಯಾವಾಗ ಇಳಿಸ್ತಾರೆ ಅನ್ನೋದ್ರ ಮೇಲೆ ಬೆಲ್ಲದ ಜಾತಿ ಬದಲಾಗುತ್ತೆ. ಸುಮಾರು 105-106 ಡಿಗ್ರಿಗೇ ಇಳಿಸಿದ್ರೆ ಸಿರ್ಸಿ ಕಡೆ ದೋಸೆ ಮೇಲೆ ಹಾಕ್ಕೊಂಡು ತಿನ್ನೋ ಜೋನಿ ಬೆಲ್ಲ, 118ರ ತನಕ ಕಾಯಿಸಿದ್ರೆ ಮಂಡ್ಯದ ಅಚ್ಚು ಬೆಲ್ಲ. ಹತ್ತೇ ಹನ್ನೆರಡೇ ಡಿಗ್ರಿ ವ್ಯತ್ಯಾಸ ನೋಡಿ.

ಆ ಹತ್ತು ಹನ್ನೆರಡು ಡಿಗ್ರಿಯೊಳಗೇ ನಮ್ಮ ಸಿಹಿತಿಂಡಿಗಳಲ್ಲಿ ಮುಕ್ಕಾಲು ಪಾಲು ಇರೋದು. ಪಾಕ ಅಂದ್ರೆ ಏನು ಅಂದ್ರೆ ನೀರಲ್ಲಿ ಎಷ್ಟು ಸಕ್ಕರೆ ಉಳೀತು ಅನ್ನೋ ಲೆಕ್ಕ ಅಷ್ಟೇ. ರೂಮಿನ ಬಿಸಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತೆ, ಕುದಿಯೋ ನೀರಾದ್ರೆ 480 ಗ್ರಾಂ ಮೇಲೇ ಕರಗುತ್ತೆ. ಕಾಯಿಸ್ತಾ ಹೋದಂಗೆ ನೀರು ಹಾರಿಹೋಗಿ ಸಕ್ಕರೆ ಪ್ರಮಾಣ ಏರುತ್ತೆ, ಅದು ಏರಿದಂಗೆ ಕುದಿಯೋ ಬಿಸಿನೂ ಏರುತ್ತೆ, ಹಾಗಾಗಿ ಥರ್ಮಾಮೀಟರ್ ತೋರಿಸೋದು ಬಿಸಿಯಾದ್ರೂ ನಿಜವಾಗಿ ಅಳೀತಿರೋದು ಉಳಿದಿರೋ ನೀರನ್ನ. ನಿಮ್ಮ ಥರ್ಮಾಮೀಟರ್ ಯಾಕೆ ಮೋಸ ಮಾಡ್ತು ಅಂದ್ರೆ ಅದು ಮೋಸ ಮಾಡಿಲ್ಲ, ಊರು ಮಾಡಿದೆ. ಪುಸ್ತಕದಲ್ಲಿ, ವಿಡಿಯೋದಲ್ಲಿ ಕೊಡೋ ಡಿಗ್ರಿಗಳೆಲ್ಲ ಸಮುದ್ರ ಮಟ್ಟದ್ದು, ನೀರು 100ಕ್ಕೆ ಕುದಿಯೋ ಜಾಗದ್ದು. ಹಾಸನ, ಬೆಂಗಳೂರು ಎರಡೂ 900 ಮೀಟರಿಗಿಂತ ಎತ್ತರದಲ್ಲಿವೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಹಾಗಾಗಿ ಪುಸ್ತಕದ ಡಿಗ್ರಿಯಿಂದ 3 ಕಳೀಬೇಕು. ಮಂಗಳೂರಲ್ಲಿರೋರು ಇದರ ಚಿಂತೆ ಮಾಡ್ಬೇಕಾಗಿಲ್ಲ. ಒಂದೆಳೆ ಪಾಕ ಅಲ್ಲಿ 104-105 ಇದ್ರೆ ನಿಮ್ಮಲ್ಲಿ 101-102. ನೀವು 105ಕ್ಕೆ ಕಾಯ್ಕೊಂಡು ಕೂತಿದ್ರಿ ಅಂದ್ರೆ ಅಷ್ಟೊತ್ತಿಗೆ ಒಂದೆಳೆ ದಾಟಿ ಎರಡೆಳೆ ಕಡೆ ಹೋಗಿರುತ್ತೆ, ಗಟ್ಟಿ ಆಗದೆ ಇನ್ನೇನಾಗುತ್ತೆ. ಪ್ರತಿ ಸಲ ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಎಷ್ಟು ತೋರಿಸುತ್ತೆ ನೋಡಿ, 100ಕ್ಕೆ ಎಷ್ಟು ಕಮ್ಮಿಯೋ ಅಷ್ಟನ್ನ ಎಲ್ಲ ಕಡೆ ಕಳೀರಿ, ಮೀಟರಿನ ತಪ್ಪೂ ಊರಿನ ಎತ್ತರವೂ ಎರಡೂ ಅದರಲ್ಲೇ ಸರಿಹೋಗುತ್ತೆ.

ಆದ್ರೂ ಮನೇಲಿ ಒಂದು ಕಪ್ ಎರಡು ಕಪ್ ಸಕ್ಕರೆ ಪಾಕಕ್ಕೆ ನಾನು ಬೆರಳನ್ನೇ ನಂಬ್ತೀನಿ, ಪಾತ್ರೇಲಿ ಪಾಕದ ಆಳ ಕಮ್ಮಿ ಇದ್ರೆ ಥರ್ಮಾಮೀಟರ್ ತುದಿ ಸರಿಯಾಗಿ ಮುಳುಗೋದೇ ಇಲ್ಲ. ಪರೀಕ್ಷೆ ಮಾಡೋವಾಗ ಒಲೆ ಆರಿಸಿ, ಇದನ್ನ ಯಾರೂ ಹೇಳಲ್ಲ, ನೀವು ಬೆರಳಲ್ಲಿ ಎಳೆ ನೋಡ್ತಿರೋ ಅರ್ಧ ನಿಮಿಷದಲ್ಲಿ ಅದು ಮುಂದಿನ ಪಾಕಕ್ಕೆ ಹೋಗ್ಬಿಟ್ಟಿರುತ್ತೆ. ಸೌಟಿಂದ ಒಂದು ಹನಿ ತಟ್ಟೆಗೆ ಬಿಟ್ಟು, ಮುಟ್ಟೋಕಾಗೋ ಅಷ್ಟು ಆರಿದ್ಮೇಲೆ ಹೆಬ್ಬೆರಳು ತೋರುಬೆರಳ ಮಧ್ಯ ಇಟ್ಕೊಂಡು ಮೆಲ್ಲಗೆ ಬಿಡಿಸಿ. ಜಿಡ್ಡು ಜಿಡ್ಡಾಗಿ ಅಂಟುತ್ತೆ ಆದ್ರೆ ಎಳೆ ನಿಲ್ಲಲ್ಲ ಅಂದ್ರೆ ಜಾಮೂನಿಗೆ ಸರಿ. ಒಂದು ಎಳೆ ಬಂದು ಸ್ವಲ್ಪ ದೂರ ಕಡಿಯದೆ ನಿಂತ್ರೆ ಮೈಸೂರ್ ಪಾಕ್, ಬೂಂದಿ ಲಾಡು, ರವೆ ಉಂಡೆ. ಅದಾದ್ಮೇಲೆ ಬೆರಳು ಕೆಲಸಕ್ಕೆ ಬರಲ್ಲ, ತಟ್ಟೇಲಿ ತಣ್ಣೀರು ಇಟ್ಕೊಂಡು ಹನಿ ಬಿಡಬೇಕು. ನೀರಲ್ಲಿ ಕರಗದೆ ಕೈಯಲ್ಲಿ ಮೆತ್ತನೆ ಉಂಡೆ ಕಟ್ಟೋಕೆ ಬಂದ್ರೆ ಕಜ್ಜಾಯದ ಪಾಕ, ಇದಕ್ಕಿಂತ ಎಳಸಾದ್ರೆ ಕಜ್ಜಾಯ ಎಣ್ಣೇಲಿ ಬಿಚ್ಕೊಂಡು ಹೋಗುತ್ತೆ. ಉಂಡೆ ಎತ್ತಿ ತಟ್ಟೆಗೆ ಹಾಕಿದ್ರೆ ಟಣ್ ಅನ್ಬೇಕು, ಮುರಿದ್ರೆ ಟಕ್ ಅಂತ ಮುರೀಬೇಕು ಅಂದ್ರೆ ಅದು ಕಡ್ಲೆಮಿಠಾಯಿಗೆ, ಆಗ ನೀರು ಹೆಚ್ಚುಕಮ್ಮಿ ಪೂರ್ತಿ ಹೋಗಿರುತ್ತೆ. ಬೆಲ್ಲದಲ್ಲಿ ಈ ಕೊನೇ ಹಂತಕ್ಕೆ ಹೋಗೋವಾಗ ಕಣ್ಣು ತೆಗೀಬೇಡಿ, ಅದರಲ್ಲಿರೋ ಫ್ರಕ್ಟೋಸ್ ಬಿಳಿ ಸಕ್ಕರೆಗಿಂತ ತುಂಬಾ ಬೇಗ ಸೀಯುತ್ತೆ, ಕಹಿ ಬಂತು ಅಂದ್ರೆ ಮತ್ತೆ ಹೋಗಲ್ಲ.

ಜಾಮೂನಿನ ಮಾತು ಬಂತು, ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಪಾಕ ಗಟ್ಟಿ ಇದ್ರೆ ಜಾಮೂನು ಚೆನ್ನಾಗಿ ಹೀರ್ಕೊಳ್ಳುತ್ತೆ ಅಂದ್ಕೊಂಡಿರ್ತಾರೆ. ಉಲ್ಟಾ. ಗಟ್ಟಿ ಪಾಕ ಜಾಮೂನಿನೊಳಗಿನ ನೀರನ್ನೇ ಹೊರಗೆ ಎಳ್ಕೊಳ್ಳುತ್ತೆ, ಜಾಮೂನು ಸುಕ್ಕುಗಟ್ಟಿ ಮಧ್ಯ ಗಟ್ಟಿ ಉಳಿಯುತ್ತೆ.

ಇನ್ನು ಹರಳಿನ ವಿಷಯ, ನಿಮ್ಮ ಮೈಸೂರ್ ಪಾಕ್ ಗುಟ್ಟು ಇಲ್ಲೇ ಇದೆ. ಕರಗಿದ ಸಕ್ಕರೆ ಆರೋವಾಗ ಮತ್ತೆ ಹರಳಾಗೋಕೆ ಹಾತೊರೀತಿರುತ್ತೆ, ಕೆಲವು ತಿಂಡಿಗೆ ಅದು ಬೇಕು, ಕೆಲವಕ್ಕೆ ಬೇಡವೇ ಬೇಡ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡೋದನ್ನ ಹತ್ತಿರದಿಂದ ನೋಡಿದ್ದೀರಾ? ಮೊದಲು ಪಾಕಕ್ಕೆ ಒಂದೆರಡು ಚಮಚ ಹಾಲು ಬಿಡ್ತಾರೆ, ಹಾಲು ಒಡೆದು ಸಕ್ಕರೇಲಿರೋ ಕೊಳೆನೆಲ್ಲ ಹಿಡ್ಕೊಂಡು ಬೂದು ನೊರೆಯಾಗಿ ಮೇಲೆ ಬರುತ್ತೆ, ಅದನ್ನ ತೆಗೆದು ಬಟ್ಟೇಲಿ ಸೋಸ್ತಾರೆ. ಆಮೇಲೆ ಒಂದೊಂದು ಸಲಕ್ಕೆ ಸ್ವಲ್ಪ ಸ್ವಲ್ಪವೇ ಸಣ್ಣ ಪಾತ್ರೆಗೆ ಹಾಕಿ ಕಾಯಿಸಿ, ಪಾಕ ಬಂತು ಅಂದ ತಕ್ಷಣ ಸೌಟಿನ ಬೆನ್ನಲ್ಲಿ ಪಾತ್ರೆ ಗೋಡೆಗೆ ಉಜ್ಜೋಕೆ ಶುರು ಮಾಡ್ತಾರೆ. ಗಾಜಿನ ಹಾಗಿದ್ದ ಪಾಕ ಉಜ್ಜಿದ ಜಾಗದಲ್ಲಿ ಮಬ್ಬಾಗುತ್ತೆ, ನೋಡ್ತಾ ನೋಡ್ತಾ ಪೂರ್ತಿ ಬೆಳ್ಳಗಾಗುತ್ತೆ, ಆ ಗಳಿಗೇಲಿ ನೀರಲ್ಲಿ ನೆನೆಸಿಟ್ಟಿದ್ದ ಮರದ ಅಚ್ಚಿಗೆ ಸುರೀಬೇಕು, ತಡವಾದ್ರೆ ಪಾತ್ರೇಲೇ ಕಲ್ಲು, ಬೇಗ ಸುರಿದ್ರೆ ಅಚ್ಚಿಂದ ಎದ್ದೇಳಲ್ಲ. ಆ ಉಜ್ಜಾಟ ಮಾಡಿದ್ದು ಇಷ್ಟೇ: ಒಂದೇ ಸಲಕ್ಕೆ ಲಕ್ಷಾಂತರ ಸಣ್ಣ ಹರಳು ಹುಟ್ಟಿಸಿದ್ದು. ಹರಳು ಸಣ್ಣದಾದಷ್ಟೂ ಅಚ್ಚು ನುಣುಪು. ಉತ್ತರ ಕರ್ನಾಟಕದ ಕುಸುರೆಳ್ಳು ಇನ್ನೂ ಒಂದು ಹೆಜ್ಜೆ ಮುಂದೆ. ಸಣ್ಣ ಬೆಂಕಿ ಮೇಲೆ ಎಳ್ಳಿಟ್ಟು ತೆಳು ಪಾಕ ಚಮಚ ಚಮಚ ಬಿಡ್ತಾ ಕೈಯಾಡಿಸ್ತಾ ಹೋದ್ರೆ ಪದರ ಪದರವಾಗಿ ಹರಳು ಕೂತು ಮೈಯೆಲ್ಲ ಮುಳ್ಳು ಮೂಡುತ್ತೆ, ತಾಳ್ಮೆ ಇಲ್ಲದೋರು ಮಾಡೋ ಕೆಲಸ ಅಲ್ಲ.

ಈ ಎರಡಕ್ಕೂ ಬೆಲ್ಲ ಹಾಕಿ ನೋಡಿ, ಆಗೋದೇ ಇಲ್ಲ. ಯಾಕಂದ್ರೆ ಬಿಡಿ ಗ್ಲೂಕೋಸು ಫ್ರಕ್ಟೋಸು ಸುಕ್ರೋಸ್ ಹರಳಿನ ಮಧ್ಯ ಅಡ್ಡ ಬಂದು ಸಾಲುಗಟ್ಟೋಕೆ ಬಿಡಲ್ಲ. ನಿಂಬೆರಸ ಮಾಡೋದೂ ಇದೇ ಕೆಲಸ. ಹುಳಿ ಬಿದ್ದು ಕುದಿದ್ರೆ ಸುಕ್ರೋಸ್ ಒಡೆದು ಆ ಎರಡು ಸಕ್ಕರೆ ಆಗುತ್ತೆ, ಅದಕ್ಕೇ ಜಾಮೂನು, ಜಿಲೇಬಿ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡೋದು, ಮಾರನೇ ದಿನ ಬೆಳಿಗ್ಗೆ ನೋಡಿದ್ರೂ ಪಾಕ ಸಕ್ಕರೆ ಕಟ್ಟಿರಲ್ಲ. ಪಾಕ ಕಾಯಿಸೋವಾಗ ಸಕ್ಕರೆ ಕರಗೋವರೆಗೆ ಮಾತ್ರ ಕಲಕಿ, ಕುದಿ ಬಂದ್ಮೇಲೆ ಕಲಕ್ಬೇಡಿ, ಪಾತ್ರೆ ಅಂಚಿಗೆ ಅಂಟಿರೋ ಹರಳನ್ನ ಒದ್ದೆ ಬಟ್ಟೇಲಿ ಒರೆಸಿಬಿಡಿ, ಅದರಲ್ಲಿ ಒಂದು ಕಾಳು ಒಳಗೆ ಬಿದ್ರೂ ಮೊಸರಿಗೆ ಹೆಪ್ಪು ಹಾಕಿದ ಹಾಗೆ ಇಡೀ ಪಾಕ ಸಕ್ಕರೆ ಕಟ್ಟುತ್ತೆ. ಕಟ್ಟಿಬಿಟ್ರೆ ಎಸೆಯೋದೇನೂ ಬೇಡ, ನೀರು ಹಾಕಿ ಪೂರ್ತಿ ಕರಗಿಸಿ ಮೊದಲಿಂದ ಕಾಯಿಸಿ.

ಮೈಸೂರ್ ಪಾಕ್‌ಗೆ ಬನ್ನಿ. ಒಂದೆಳೆ ಪಾಕಕ್ಕೆ ಕಡ್ಲೆಹಿಟ್ಟು ಬಿದ್ದ ಮೇಲೆ ಕಾದ ತುಪ್ಪ ಸೌಟು ಸೌಟಾಗಿ ಸುರೀತೀವಲ್ಲ, ಆ ಬಿಸಿಗೆ ಪಾಕದಲ್ಲಿ ಉಳಿದ ನೀರು ಆವಿಯಾಗಿ ನುಗ್ಗುತ್ತೆ, ಚುಂಯ್ ಅಂತ ಉಕ್ಕೋದು ಅದೇ, ಆ ದಾರಿಗಳೇ ಆಮೇಲೆ ಗೂಡು ಗೂಡಾಗಿ ಕಾಣೋದು. ಆವಿ ಹೋಗ್ತಿದ್ದಂಗೆ ಸಕ್ಕರೆ ಸಣ್ಣ ಹರಳಾಗಿ ಆ ಗೂಡಿನ ಗೋಡೇನ ಗಟ್ಟಿ ಮಾಡುತ್ತೆ. ಸಕ್ಕರೇಲಿ ಮಾಡ್ತಿದ್ದಾಗ ಕಲ್ಲಾಗ್ತಿತ್ತು ಅಂದ್ರೆ ಎರಡೇ ಕಾರಣ, ಪಾಕ ಮುಂದೆ ಹೋಗಿತ್ತು ಅಥವಾ ತುಪ್ಪ ತಣ್ಣಗಿತ್ತು. ತುಪ್ಪ ಪಕ್ಕದ ಒಲೇಲಿ ಕಾಯ್ತಾನೇ ಇರ್ಬೇಕು, ಚೂರು ಹಿಟ್ಟು ಹಾಕಿದ್ರೆ ಚಟಪಟ ಅನ್ಬೇಕು. ಬೆಲ್ಲದಲ್ಲಿ ಹರಳೇ ಸರಿಯಾಗಿ ಕಟ್ಟಲ್ಲವಾದ್ರಿಂದ ಗೂಡು ನಿಲ್ಲಲ್ಲ, ಮೆತ್ತಗೆ ಜಗಿಯೋ ಹಾಗಾಗುತ್ತೆ. ಅದು ಬೇರೆ ತಿಂಡಿ, ರುಚಿಯಾಗೇ ಇರುತ್ತೆ, ಬರ್ಫಿ ಅಂದ್ಕೊಂಡು ತಿನ್ನಿ, ಆದ್ರೆ ಮೈಸೂರು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಹೆಸರಿಗೆ ಅಂಟ್ಕೊಂಡಿರೋ ಆ ಗೂಡಿನ ಮೈಸೂರ್ ಪಾಕ್ ಬೇಕು ಅಂದ್ರೆ ಬಿಳಿ ಸಕ್ಕರೆನೇ ಆಗ್ಬೇಕು, ಅದಕ್ಕೆ ನಿಂಬೆರಸವೂ ಹಾಕ್ಬಾರದು. ಕಲ್ಲಾಗಿರೋದನ್ನ ಮಿಕ್ಸೀಲಿ ಪುಡಿ ಮಾಡಿ ಸ್ವಲ್ಪ ಹಾಲು ಹಾಕಿ ಸಣ್ಣ ಉರೀಲಿ ಮಗುಚಿ ತಟ್ಟೆಗೆ ಹರಡಿದ್ರೆ ತಿನ್ನೋ ಹಾಗಾಗುತ್ತೆ.

ಕೇಸರಿಬಾತ್ ತೊಂದರೆ ಯಾವ ಸಕ್ಕರೆ ಅನ್ನೋದಲ್ಲ, ಯಾವಾಗ ಅನ್ನೋದು. ರವೆ ನೀರು ಕುಡಿದು ಅರಳಬೇಕು, ಸಕ್ಕರೆನೋ ಬೆಲ್ಲಾನೋ ಮೊದಲೇ ಹಾಕಿದ್ರೆ ನೀರನ್ನ ಅದೇ ಹಿಡ್ಕೊಂಡು ರವೆಗೆ ಬಿಡಲ್ಲ. ರವೆ ಪೂರ್ತಿ ಬೆಂದು ಅರಳಿದ್ಮೇಲೆ ಸಕ್ಕರೆ ಹಾಕಿ, ಆಗ ಒಂದ್ಸಲ ನೀರಾಗಿ ಸಡಿಲ ಆಗುತ್ತೆ, ಹೆದರ್ಬೇಡಿ, ತಿರುವ್ತಾ ಇದ್ರೆ ಮತ್ತೆ ಕೂಡ್ಕೊಳ್ಳುತ್ತೆ. ಬೇಳೆಗೂ ಇದೇ ಮಾತು, ಹೆಸರುಬೇಳೆ ಪಾಯಸಕ್ಕೆ ಬೇಳೆ ಅರ್ಧ ಬೆಂದಾಗ ಬೆಲ್ಲ ಹಾಕಿದ್ರೆ ಆಮೇಲೆ ಎಷ್ಟು ಕುದಿಸಿದ್ರೂ ಅರ್ಧವೇ. ಹೋಳಿಗೆ ಹೂರಣ ಬೆಲ್ಲ ಹಾಕಿದ್ಮೇಲೆ ನೀರಾಗೋದೂ ಅದಕ್ಕೇ, ಬೇಳೆ ಒಳಗಿನ ನೀರು ಹೊರಗೆ ಬಂದಿರುತ್ತೆ, ಅದು ಇಂಗೋವರೆಗೆ ಮಗುಚದೆ ರುಬ್ಬಿದ್ರೆ ಲಟ್ಟಿಸೋವಾಗ ಹೋಳಿಗೆ ಬಾಯಿ ಬಿಡುತ್ತೆ.

ಅಂಗಡೀಲಿ ಸಿಗೋ ಸಕ್ಕರೆಗಳ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಮೂಟೆ ಮೇಲೆ ಎಸ್-30, ಎಂ-30 ಅಂತ ಬರೆದಿರುತ್ತಲ್ಲ, ಅಕ್ಷರ ಹರಳಿನ ಗಾತ್ರ, ಅಂಕಿ ಬಣ್ಣ, 31 ಅಂದ್ರೆ 30ಕ್ಕಿಂತ ಬಿಳುಪು. ಪಾಕಕ್ಕೆ ಯಾವುದಾದ್ರೂ ಆಗುತ್ತೆ, ದಪ್ಪ ಹರಳು ಕರಗೋಕೆ ಹೊತ್ತು ಜಾಸ್ತಿ ಅಷ್ಟೇ. ಐಸಿಂಗ್ ಶುಗರ್ ಅಂತ ಪ್ಯಾಕೆಟಲ್ಲಿ ಸಿಗೋದರಲ್ಲಿ ಉಂಡೆಗಟ್ಟದಿರಲಿ ಅಂತ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಬೆರೆಸಿರ್ತಾರೆ, ಚಿರೋಟಿ ಮೇಲೆ ಉದುರಿಸೋಕೆ ಅದು ಬೇಡ, ಮನೆ ಸಕ್ಕರೇನೇ ಮಿಕ್ಸಿಗೆ ಹಾಕಿ ಜರಡಿ ಹಿಡೀರಿ. ಬೂರಾ ಸಕ್ಕರೆ ಬರೀ ಪುಡಿ ಅಲ್ಲ, ಪಾಕ ಕಾಯಿಸಿ ಉಜ್ಜಿ ಮತ್ತೆ ಪುಡಿ ಹರಳು ಬರಿಸಿರೋದು, ಧಾರವಾಡ ಪೇಡೆ ಮೈಮೇಲೆ ಇರುತ್ತಲ್ಲ ಆ ತರದ್ದು, ಮನೇಲಿ ಬೇಸನ್ ಉಂಡೆಗೆ ಹಾಕಿ ನೋಡಿ, ಉಂಡೆ ಹಗುರ ಆಗುತ್ತೆ. ಬ್ರೌನ್ ಶುಗರ್ ಬಗ್ಗೆ ಮಾತ್ರ ಎಚ್ಚರ. ಅದು ಬೆಲ್ಲದ ತಂಗಿ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ, ಬಹಳಷ್ಟು ಬ್ರೌನ್ ಶುಗರ್ ಅಂದ್ರೆ ಬಿಳಿ ಸಕ್ಕರೆಗೇ ಸ್ವಲ್ಪ ಕಾಕಂಬಿ ಸವರಿರೋದು. ಬಿಸ್ಕತ್ತಿಗೆ ಒಳ್ಳೇ ರುಚಿ, ಮೆತ್ತಗೂ ಇರುತ್ತೆ, ಆದ್ರೆ ಆರೋಗ್ಯಕ್ಕೆ ಅಂತ ದುಬಾರಿ ದುಡ್ಡು ಕೊಡೋದು ನನಗೆ ಅರ್ಥ ಆಗಲ್ಲ.

ಕೇಕ್ ಉಬ್ಬಬೇಕಾದ್ರೆ ಬೆಣ್ಣೆ ಜೊತೆ ಸಕ್ಕರೆ ಗೊಟಾಯಿಸೋವಾಗ ಹರಳಿನ ಚೂಪು ಅಂಚುಗಳು ಬೆಣ್ಣೆನ ಗೀರಿ ಗಾಳಿ ತುಂಬಬೇಕು. ಅದಕ್ಕೆ ಸಣ್ಣ ಹರಳಿನ ಕ್ಯಾಸ್ಟರ್ ಶುಗರ್ ಹೇಳಿ ಮಾಡಿಸಿದ್ದು. ಬೆಲ್ಲ ಆ ಕೆಲಸ ಮಾಡಲ್ಲ, ಹಸಿ ಬ್ರೌನ್ ಶುಗರ್ ಅರ್ಧಂಬರ್ಧ ಮಾಡುತ್ತೆ. ಬೆಲ್ಲದ ಕೇಕ್ ಬೇಕಂದ್ರೆ ಬೆಣ್ಣೆ ಬಿಡಿ, ಎಣ್ಣೆ ಮೊಸರು ಹಾಕೋ ಕೇಕ್ ಮಾಡಿ, ಬೆಲ್ಲದ ಹುಳಿ, ಮೊಸರಿನ ಹುಳಿ ಎರಡೂ ಅಡುಗೆ ಸೋಡಾ ಜೊತೆ ಸೇರಿ ಗಾಳಿ ಅವೇ ಹುಟ್ಟಿಸ್ತವೆ. ಬೆಲ್ಲದಲ್ಲೇ ನೀರು ಇರೋದ್ರಿಂದ ಹಾಲೋ ನೀರೋ ಒಂದೆರಡು ಚಮಚ ಕಮ್ಮಿ ಮಾಡಿ, ಅಳತೇನ ಕಪ್ಪಲ್ಲಿ ಬೇಡ ತೂಕದಲ್ಲಿ ಹಿಡೀರಿ, ಹೆರೆದ ಬೆಲ್ಲ ಒತ್ತಿ ತುಂಬಿದ್ರೆ ಒಂದು, ಉದುರುದುರಾಗಿ ತುಂಬಿದ್ರೆ ಇನ್ನೊಂದು ಆಗುತ್ತೆ.

ಕೊನೇದಾಗಿ ಅತ್ತೆಯವರ ವಿಷಯ. ನಾನು ಡಾಕ್ಟರ್ ಅಲ್ಲ, ಆದ್ರೆ ಅಡುಗೆ ಮಾಡೋರಾಗಿ ಇಷ್ಟು ಗೊತ್ತಿರ್ಬೇಕು: ಬೆಲ್ಲವೂ ರಕ್ತದಲ್ಲಿ ಸಕ್ಕರೆ ಏರಿಸುತ್ತೆ, ಗ್ರಾಂ ಲೆಕ್ಕದಲ್ಲಿ ಕ್ಯಾಲೊರಿ ಸಕ್ಕರೆಗಿಂತ ಹೇಳ್ಕೊಳ್ಳೋ ಅಷ್ಟು ಕಮ್ಮಿ ಏನಿಲ್ಲ, ಇರೋ ಕಬ್ಬಿಣದ ಆಸೆಗೆ ತಿನ್ನೋದಾದ್ರೆ ಸೊಪ್ಪು ತಿನ್ನೋದು ವಾಸಿ. ಸಕ್ಕರೆ ಬಿಟ್ಟು ಬೆಲ್ಲ ತಿಂತೀವಿ ಅನ್ನೋ ಧೈರ್ಯದಲ್ಲಿ ಒಂದು ಹೋಳಿಗೆ ತಿನ್ನೋ ಜಾಗದಲ್ಲಿ ಎರಡು ತಿನ್ನೋದನ್ನ ಎಷ್ಟೋ ಮನೆಗಳಲ್ಲಿ ನೋಡಿದ್ದೀನಿ. ಅವರಿಗೆ ಎಷ್ಟು ಕೊಡಬಹುದು ಅನ್ನೋದನ್ನ ಅವರ ಡಾಕ್ಟರ್ ಹತ್ರಾನೇ ಕೇಳಿ, ಆಮೇಲೆ ತಿಂಡಿನ ಸರಿಯಾದ ಸಕ್ಕರೇಲೇ ಮಾಡಿ ಚಿಕ್ಕ ಚೂರು ಕೊಡಿ. ಮಾತ್ರೆ ಹನಿ ರೂಪದ ಸ್ಟೀವಿಯಾ, ಸುಕ್ರಲೋಸ್ ತರದ ಸಕ್ಕರೆ ಬದಲಿಗಳು ಪಾಯಸಕ್ಕೆ, ಕಾಫಿಗೆ ಆಗುತ್ತೆ, ಅಲ್ಲಿ ಸಕ್ಕರೆ ಕೆಲಸ ಬರೀ ಸಿಹಿ. ಮೈಸೂರ್ ಪಾಕ್, ಲಾಡು, ಕಡ್ಲೆಮಿಠಾಯಿಗೆ ಆಗಲ್ಲ, ಆ ನಾಲ್ಕು ಹನಿ ಯಾವ ಎಳೇನೂ ಕೊಡಲ್ಲ ಯಾವ ಹರಳೂ ಕಟ್ಟಲ್ಲ. ತರೋ ಮುಂಚೆ ಡಬ್ಬಿ ಹಿಂದೆ ಓದಿ, ಆಸ್ಪರ್ಟೇಮ್ ಅಂತ ಇದ್ರೆ ಕುದಿಸಿದ್ರೆ ಸಿಹಿ ಹೊರಟುಹೋಗುತ್ತೆ, ಒಲೆ ಆರಿಸಿ ಪಾಯಸ ಸ್ವಲ್ಪ ಆರಿದ್ಮೇಲೆ ಅತ್ತೆಯವರ ಬಟ್ಟಲಿಗೆ ಮಾತ್ರ ಬೆರೆಸಿ ಕೊಡಿ.